ಅಂಬಕ್ಕನ ಹಂಬಲದ ನಕಲು

ಸಂಬಳವಿಲ್ಲದೆ, ಬಿಸಿಲಲ್ಲಿ, ಕಂಡಕಂಡವರಿಂದ ಬೈಸಿಕೊಳ್ಳುತ್ತ ಪಕ್ಷದ ಕೆಲಸ ಮಾಡುವವರ ತಲೆಯೊಳಗೆ ಏನಿರುತ್ತದೆ? ಅದನ್ನು ತೆಗೆದು ಇನ್ನೊಬ್ಬರ ತಲೆಗೆ ಹಾಕಲು ಬಂದರೆ? ಈ ಪ್ರಶ್ನೆ ನನ್ನದಲ್ಲ. ನಾನು ಅಂಥ ದೊಡ್ಡ ಪ್ರಶ್ನೆ ಕೇಳುವ ಮನುಷ್ಯನೇ ಅಲ್ಲ. ಕೇಳಿದವರು ಬೀಸುಕಲ್ಲಿನ ಗುರುತಿನ ಪಕ್ಷದ ಜಿಲ್ಲಾ ಕಾರ್ಯದರ್ಶಿ ಬಸವಂತಪ್ಪ ಸಂಗಳದ ಅವರು.

ಅವರಿಗೆ ಆ ಪ್ರಶ್ನೆ ಹುಟ್ಟಲು ಕಾರಣವಿತ್ತು. ಕೆಲವು ವರ್ಷ ಎಲ್ಲ ಪಕ್ಷಗಳೂ ಯಂತ್ರಗಳಿಂದಲೇ ಮತ ಕೇಳಿಸಿದ್ದವು. ಫೋನು ಎತ್ತಿದರೆ ಸಾಕ್ಷಾತ್ ನಾಯಕರ ಧ್ವನಿ ನಿಮ್ಮ ಹೆಸರು ಹಿಡಿದು ಕರೆದು, ನಿಮ್ಮ ಎಮ್ಮೆಯ ಕಾಲುನೋವು ಹೇಗಿದೆ ಎಂದು ವಿಚಾರಿಸುತ್ತಿತ್ತು. ಮೊದಮೊದಲು ಜನ ಉಬ್ಬಿದರು, ಆಮೇಲೆ ರೋಸಿಹೋದರು. ಕೊನೆಗೆ ಕಾನೂನೇ ಬಂತು: ಮತ ಕೇಳುವುದಿದ್ದರೆ ಮನುಷ್ಯನೇ ಮನೆಯ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ಪಕ್ಷಗಳು ತಿರುಗಿ ನೋಡಿದರೆ ಮನುಷ್ಯರೇ ಇರಲಿಲ್ಲ. ಕೂಲಿಗೆ ಬಂದವರು ಕರಪತ್ರಗಳನ್ನು ಚರಂಡಿಗೆ ಸುರಿದು, ಚಹಾ ಕುಡಿದು, ಮನೆಮನೆ ತಿರುಗಿ ಬಂದೆವೆಂದು ವರದಿ ಒಪ್ಪಿಸುತ್ತಿದ್ದರು.

ಗದಗಿನಿಂದ ಹೊರಗೆ, ಧಾರವಾಡದ ರಸ್ತೆಯ ಮೇಲೆ ನಮ್ಮದೊಂದು ಚಿಕ್ಕ ಪ್ರಯೋಗಾಲಯವಿದೆ. ನಾನು ಅಚ್ಯುತ ಹುಯಿಲಗೋಳ. ನನ್ನ ಜೊತೆ ಲೆಕ್ಕದಲ್ಲೂ ಬುದ್ಧಿಯಲ್ಲೂ ನನಗಿಂತ ಮುಂದಿರುವ ರೆಹಾನಾ ನದಾಫ. ಪಾರ್ಶ್ವವಾಯು ಹೊಡೆದ ಕೆಲವರಿಗೆ ಕೈಕಾಲು ಸರಿಯಾದರೂ ಏನೂ ಬೇಕೆನಿಸುವುದಿಲ್ಲ. ಊಟ ಮುಂದಿಟ್ಟರೂ ನೋಡುತ್ತ ಕೂತಿರುತ್ತಾರೆ. ಅಂಥವರಿಗಾಗಿ ನಾವೊಂದು ತಲೆಪಟ್ಟಿ ಮಾಡಿದ್ದೆವು. ಚಹಾದ ಲೋಟಕ್ಕೆ ಕೈ ಚಾಚುವ ತುಸು ಮೊದಲು ಮಿದುಳಿನಲ್ಲಿ ಒಂದು ಪುಟ್ಟ ಜಿಗಿತ ಆಗುತ್ತದೆ. ಅದು ಚಹಾದ ರುಚಿಯಲ್ಲ, ಚಹಾ ಬೇಕೆಂಬ ಆಸೆ. ನಮ್ಮ ಪಟ್ಟಿ ಆ ಜಿಗಿತವನ್ನು ನೆತ್ತಿಯ ಮೇಲಿಂದಲೇ ಹಿಡಿದು ಬರೆದುಕೊಳ್ಳುತ್ತದೆ. ಬೇಕಾದಾಗ ಸಣ್ಣ ಮಿಡಿತಗಳಿಂದ ಅದನ್ನೇ ಮತ್ತೆ ಎಬ್ಬಿಸುತ್ತದೆ. ನಾವದಕ್ಕೆ ಹಂಬಲಪಟ್ಟಿ ಎಂದು ಹೆಸರಿಟ್ಟಿದ್ದೆವು. ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ಒಬ್ಬ ಮಾಸ್ತರರು ಒಂದು ಬೆಳಿಗ್ಗೆ ತಾವಾಗಿಯೇ ಚಹಾ ಕೇಳಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಮರುದಿನವೇ ಸಂಗಳದ ಅವರ ಕಾರು ನಮ್ಮ ಅಂಗಳದಲ್ಲಿ ನಿಂತಿತು.

ಚಹಾದ ಆಸೆ ಎಬ್ಬಿಸಬಹುದಾದರೆ ಪಕ್ಷದ ಆಸೆ ಯಾಕೆ ಎಬ್ಬಿಸಬಾರದು ಎಂದು ಅವರು ಕೇಳಿದರು. ನಿಷ್ಠಾವಂತ ಕಾರ್ಯಕರ್ತರೊಬ್ಬರ ಹಂಬಲವನ್ನು ಬರೆದುಕೊಂಡು ಕೂಲಿಯ ಹುಡುಗರ ತಲೆಗೆ ಕಟ್ಟುವುದು ಅವರ ಯೋಜನೆ. ನಮ್ಮ ಛಾವಣಿ ಸೋರುತ್ತಿತ್ತು, ಅದನ್ನು ಹೊಸದಾಗಿ ಹಾಕಿಸಿಕೊಡುತ್ತೇನೆಂದೂ ಹೇಳಿದರು. ನಾನು ಒಪ್ಪಿದೆ. ರೆಹಾನಾ ಮಾತ್ರ, ಆಸೆ ನಕಲಾಗುತ್ತದೆ, ಅದು ಯಾತಕ್ಕೆ ಹುಟ್ಟಿತು ಎನ್ನುವುದು ನಕಲಾಗುವುದಿಲ್ಲ ಎಂದಳು. ಚೆನ್ನಾಗಿ ಹೇಳಿದೆ ಎಂದು ತಲೆಯಾಡಿಸಿ, ನಾನು ಪಟ್ಟಿಗಳ ಪೆಟ್ಟಿಗೆ ತೆಗೆದೆ.

ಮೊದಲು ಹಲವು ಹಳೆಯ ಕಾರ್ಯಕರ್ತರನ್ನು ಪರೀಕ್ಷಿಸಿದೆವು. ಒಳ್ಳೆಯ ಜನ. ಆದರೆ ಪಟ್ಟಿ ಪರದೆಯ ಮೇಲೆ ಬರೆದ ಗೆರೆಗಳು ನಮ್ಮನ್ನು ತಬ್ಬಿಬ್ಬು ಮಾಡಿದವು. ಒಬ್ಬರ ಗೆರೆ ಮೈಕು ಕಂಡಾಗ ಮಾತ್ರ ಏಳುತ್ತಿತ್ತು. ಅವರ ಕಿರಾಣಿ ಅಂಗಡಿಯಲ್ಲಿ ಅವರ ಮಾತು ಕೇಳುವವರು ಯಾರೂ ಇರಲಿಲ್ಲ. ಇನ್ನೊಬ್ಬರದು ಎದುರಾಳಿ ಚಕ್ಕಡಿ ಪಕ್ಷದಲ್ಲಿದ್ದ ದಾಯಾದಿಯನ್ನು ಕಂಡ ಕೂಡಲೇ ಏಳುತ್ತಿತ್ತು. ಹೆಂಡತಿ ತೀರಿಕೊಂಡ ಒಬ್ಬ ನಿವೃತ್ತ ಗುಮಾಸ್ತರದು ಸಂಜೆಯ ಹೊತ್ತು ಪಕ್ಷದ ಕಚೇರಿಯಲ್ಲಿ ಮಂಡಕ್ಕಿ ಕಲೆಸುವಾಗ ಏಳುತ್ತಿತ್ತು. ಬೀಸುಕಲ್ಲಿನ ಬಾವುಟ ತೋರಿಸಿದರೆ ಯಾರ ಗೆರೆಯೂ ಅಲ್ಲಾಡಲಿಲ್ಲ. ಸಂಗಳದ ಅವರ ಮುಖ ಸಣ್ಣದಾಯಿತು.

ಆಗ ಬಂದವಳು ಅಂಬಕ್ಕ ಕುರಹಟ್ಟಿ.

ಬೆಟಗೇರಿಯ ನೇಕಾರರ ಓಣಿಯವಳು. ಮದುವೆಯಾದ ವರ್ಷದಲ್ಲೇ ಗಂಡ ತೀರಿಕೊಂಡು ತವರಿಗೆ ಮರಳಿದ್ದಳು. ಆಮೇಲೆ ತಾಯಿಯೂ ಹೋದಾಗ ಇನ್ನೂ ಚಿಕ್ಕವನಿದ್ದ ತಮ್ಮ ಚನ್ನಬಸುವನ್ನು ಇವಳೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಈಗ ತಮ್ಮನಿಗೆ ಸ್ವಂತ ಮಗ್ಗ, ಹೆಂಡತಿ ಶೋಭಾ, ಮೊದಲ ಬಸಿರು. ಬಿಸಿಲಿಗೆ ಬಣ್ಣ ಹಾರಿದ ಪಕ್ಷದ ಹಸಿರು ಶಾಲು ಅಂಬಕ್ಕನ ಹೆಗಲಿನಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಚುನಾವಣೆ ಇರಲಿ ಬಿಡಲಿ, ಪಿಂಚಣಿ, ಲಸಿಕೆ, ನಲ್ಲಿ ನೀರು ಎಂದು ಏನಾದರೊಂದು ನೆವ ಹಿಡಿದು ಮನೆಮನೆ ತಿರುಗುತ್ತಿದ್ದಳು.

ನಾವು ಬರಹೇಳಿದ್ದ ದಿನವೇ ಶೋಭಾಳ ಕುಬಸ. ಬಸಿರು ಹೆಂಗಸಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಓಣಿಯ ಹೆಂಗಸರೆಲ್ಲ ಸೇರಿ ಹಾಡುವ ಸಂಭ್ರಮ. ಇನ್ನೊಂದು ದಿನ ಬಾ ಎಂದೆ. ಅಂಬಕ್ಕ ಕೇಳಲಿಲ್ಲ. “ಇವತ್ತs ಬರ್ತೀನ್ರಿ ಸರ. ಎಷ್ಟೊತ್ತಾದರೂ ಇರ್ತೀನಿ” ಎಂದಳು. ಬೆಳಗಿನಿಂದ ಸಂಜೆಯತನಕ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಮನೆಯ ಕುಬಸವನ್ನೂ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ತ್ಯಾಗಮಯಿ ಎಂದು ಸಂಗಳದ ಅವರು ಮುಂದಿನ ಸಭೆಯಲ್ಲಿ ಅವಳ ಕೊರಳಿಗೆ ಹಾರ ಹಾಕಿದರು. ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ.

ಆಮೇಲೆ ಕೆಲವು ವಾರ ಅವಳು ಸೆರಗಿನ ಕೆಳಗೆ ಪಟ್ಟಿ ಕಟ್ಟಿಕೊಂಡೇ ಪ್ರಚಾರ ಮಾಡಿದಳು. ನಾವು ಪ್ರಯೋಗಾಲಯದಲ್ಲಿ ಕೂತು ಪರದೆಯ ಮೇಲೆ ಗೆರೆ ನೋಡುತ್ತಿದ್ದೆವು. ನಾಯಕರ ಭಾಷಣದ ಹೊತ್ತಿನಲ್ಲಿ ಗೆರೆ ಮಲಗಿತು. ಅಂಬಕ್ಕನೂ ಕಂಬಕ್ಕೆ ಒರಗಿ ತೂಕಡಿಸಿದ್ದಳೆಂದು ಆಮೇಲೆ ತಿಳಿಯಿತು. ಆದರೆ ಯಾರದೋ ಮನೆಯ ಬಾಗಿಲು ಬಡಿದು, ಒಳಗಿನಿಂದ ಚಿಲಕ ಸರಿಯುವ ಸದ್ದು ಬಂದ ಕೂಡಲೇ ಗೆರೆ ಜಿಗಿಯುತ್ತಿತ್ತು. ಅಷ್ಟು ಎತ್ತರದ ಜಿಗಿತವನ್ನು ನಾನು ಯಾರಲ್ಲೂ ಕಂಡಿರಲಿಲ್ಲ. ಮತ ಸಿಗುತ್ತದೆಂಬ ಆಸೆ ಎಂದು ನಾನು ತೀರ್ಮಾನಿಸಿದೆ. ರೆಹಾನಾ ತಕರಾರು ತೆಗೆದಳು. ಏರು ಬರುವುದು ಮತದ ಮಾತು ಶುರುವಾಗುವ ಮೊದಲೇ; ಚಕ್ಕಡಿ ಪಕ್ಷದವರ ಮನೆಯ ಮುಂದೆಯೂ ಅಷ್ಟೇ ಬರುತ್ತದೆ; ಹೊರಗೆ ಬಂದ ಮೇಲೆ ಮತ ಸಿಕ್ಕಿದ್ದರೂ ಇಳಿಯುತ್ತದೆ. ಗೆಲ್ಲಲಾರದ ಮನೆಯಲ್ಲೂ ಆಸೆ ಬಿಡದವಳೇ ನಿಜವಾದ ಕಾರ್ಯಕರ್ತೆ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಛಾವಣಿಯ ಹೆಂಚು ಅಷ್ಟರಲ್ಲಿ ಬಂದಿಳಿದಿತ್ತು.

ಬರೆದುಕೊಳ್ಳುವುದು ಮುಗಿದ ದಿನ ಸಂಗಳದ ಅವರು ಅಂಬಕ್ಕನನ್ನು ಕರೆದು, ಇನ್ನು ಮೇಲೆ ಮನೆಯಲ್ಲಿ ಆರಾಮ ಇರಿ, ನಿಮ್ಮ ಕೆಲಸ ಹುಡುಗರು ಮಾಡುತ್ತಾರೆ, ತಮ್ಮನ ಮನೆಯಲ್ಲಿ ಬಾಣಂತನ ಬೇರೆ ಇದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಂಬಕ್ಕ ಎದ್ದು ನಿಂತಳು, ಮತ್ತೆ ಕೂತಳು. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದಳು. ಇಲ್ಲ ಎಂದೆವು. ಹಾಗಾದರೆ ವಾರದಲ್ಲಿ ಒಂದು ದಿನ, ಒಂದೇ ಓಣಿಗಾದರೂ ಹೋಗಬಹುದೇ ಎಂದಳು. ಒಂದೇ ಓಣಿಯಲ್ಲಿ ಅವಳೂ ಪಟ್ಟಿಯವರೂ ಸೇರಿದರೆ ಪ್ರಯೋಗ ಕೆಡುತ್ತದೆ ಎಂದು ನಾನು ವಿವರಿಸಿದೆ. ಅವಳು ಶಾಲನ್ನು ಹೆಗಲಿನಿಂದ ತೆಗೆದು, ನಾಲ್ಕು ಮಡಿಕೆ ಮಾಡಿ, ಚೀಲದಲ್ಲಿಟ್ಟುಕೊಂಡು ಹೋದಳು. ಅವತ್ತು ನನಗೆ ಯಾಕೋ ಊಟ ಸೇರಲಿಲ್ಲ. ಆದರೂ ಹೆಂಚು ಹೊದಿಸುವವರ ಗಲಾಟೆಯಲ್ಲಿ ಅದನ್ನು ಮರೆತೆ.

ಶೋಭಾಗೆ ತವರಿನಲ್ಲಿ ತಾಯಿ ಇರಲಿಲ್ಲ. ಹೆರಿಗೆಯಾದ ಮೇಲೆ ಇಲ್ಲೇ ಬಾಣಂತನ, ಮಾಡುವವಳು ಅಂಬಕ್ಕ. ಹೆಣ್ಣುಕೂಸು. ಕೂಸಿಗೆ ನೀರು ಎರೆಯುವುದು, ಧೂಪ ಹಾಕುವುದು, ಬಾಣಂತಿಗೆ ಅಂಟಿನುಂಡಿ ಕಟ್ಟುವುದು ಎಲ್ಲ ಅವಳದೇ.

ಇತ್ತ ನಮ್ಮ ಪ್ರಯೋಗ ಶುರುವಾಯಿತು. ಆರಿಸಿದ ಕೂಲಿಯ ಆಳುಗಳಿಗೆ ಪಟ್ಟಿ ಕಟ್ಟಿ, ಹೊಸ ಶಾಲು ಹೊದಿಸಿ ಬೆಟಗೇರಿಗೆ ಬಿಟ್ಟೆವು. ಅವರಲ್ಲಿ ದೊಡ್ಡ ಆಳು ಈಶ್ವರ ಬಡಿಗೇರ. ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿಸುವ ಉಸ್ತಾದ, ತೋಳು ಒಂದೊಂದೂ ನನ್ನ ತೊಡೆಯಷ್ಟು. ಮೊದಲ ದಿನ ಸಂಗಳದ ಅವರ ಆನಂದ ಹೇಳತೀರದು. ಚರಂಡಿಯಲ್ಲಿ ಕರಪತ್ರವಿಲ್ಲ, ಚಹಾದಂಗಡಿಯಲ್ಲಿ ಹುಡುಗರಿಲ್ಲ. ಒಂದು ಬಾಗಿಲೂ ಬಿಡದೆ ಬಡಿಯುತ್ತಿದ್ದರು. ಬಿಸಿಲೆನ್ನಲಿಲ್ಲ, ನಾಯಿ ಎನ್ನಲಿಲ್ಲ.

ಕೆಲವೇ ದಿನಗಳಲ್ಲಿ ಸಂಗಳದ ಅವರೇ ಫೋನು ಮಾಡಿ ಕೂಗಾಡತೊಡಗಿದರು. ಹುಡುಗರು ಒಳಗೆ ಹೋದವರು ಹೊರಗೇ ಬರುವುದಿಲ್ಲವಂತೆ. ಒಬ್ಬನು ಯಾರೋ ಮುದುಕಿಯ ಜೊತೆ ಕೂತು ಶೇಂಗಾ ಸುಲಿಯುತ್ತಾನಂತೆ. ಇನ್ನೊಬ್ಬ ಚಕ್ಕಡಿ ಪಕ್ಷದ ಬೂತಿನ ಅಧ್ಯಕ್ಷರ ಮನೆಯಲ್ಲೇ ಉಂಡು, ಅವರ ಮಗನ ಮದುವೆಯ ಫೋಟೋಗಳನ್ನೆಲ್ಲ ನೋಡಿ, ಮತ್ತೆ ನಾಳೆ ಬರುತ್ತೇನೆಂದು ಹೇಳಿ ಬಂದನಂತೆ. ಮತ ಕೇಳಿದೆಯಾ ಎಂದರೆ ತಲೆ ಕೆರೆದುಕೊಳ್ಳುತ್ತಾನಂತೆ. ಯಾರೋ ಬಾಗಿಲು ತೆರೆಯದಿದ್ದಕ್ಕೆ ಈಶ್ವರ ಬಡಿಗೇರ ಅವರ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕೂತುಬಿಟ್ಟಿದ್ದನಂತೆ. ಅಂಥ ಉಸ್ತಾದ. ಏನು ತುಂಬಿದ್ದೀರಿ ಇವರ ತಲೆಗೆ ಎಂದು ಸಂಗಳದ ಅವರು ಕೇಳಿದರು. ನೀವು ಕೊಟ್ಟದ್ದನ್ನೇ ತುಂಬಿದ್ದೇವೆ ಎಂದೆ. ಅಂಬಕ್ಕನಿಗೆ ಪಕ್ಷದ ಮೇಲೆ ಪ್ರೀತಿಯೇ ಇಲ್ಲವೆಂದು ಅನುಮಾನ ಬರುತ್ತಿದೆ, ಹಾಗಿದ್ದರೆ ಅವಳನ್ನು ಪೂರ್ತಿ ಬಿಡಿಸಿಬಿಡುತ್ತೇನೆ, ಶಾಲೂ ವಾಪಸು ತರಿಸುತ್ತೇನೆ, ನೋಡಿ ಹೇಳಿ ಎಂದರು.

ಹಾಗಾಗಿ ಪರದೆ ಕಂಕುಳಲ್ಲಿಟ್ಟುಕೊಂಡು ನಾನೂ ರೆಹಾನಾಳೂ ನೇಕಾರರ ಓಣಿಗೆ ಹೋದೆವು. ಈಶ್ವರನ ಹಿಂದೆ ಹಿಂದೆ ನಡೆದೆವು. ಒಂದು ಮನೆಯ ಮುಂದೆ ಮಾವಿನ ತೋರಣ, ದೊಡ್ಡ ರಂಗೋಲಿ, ಒಳಗೆ ಹೆಂಗಸರ ಹಾಡು. ಈಶ್ವರ ಹೊಸ್ತಿಲ ಹೊರಗೆ ನಿಂತ. ಒಳಗಿನಿಂದ ಯಾರೋ, ಪಕ್ಷದವರು ಬಂದಾರ, ಬರ್ರಿ ಬರ್ರಿ ಎಂದು ಕರೆದರು. ಅವನ ಗೆರೆ ಜಿಗಿಯಿತು, ಮುಖ ಅರಳಿತು. ನಮ್ಮನ್ನೂ ಕರೆದು ಕೂರಿಸಿದರು. ಚನ್ನಬಸು ನನ್ನ ಗುರುತು ಹಿಡಿದಾಗಲೇ ಅದು ಅಂಬಕ್ಕನ ತವರೆಂದು ನನಗೆ ತಿಳಿದದ್ದು. ಕೂಸಿಗೆ ಹೆಸರಿಡುವ ದಿನ. ನಡುಮನೆಯಲ್ಲಿ ತೊಟ್ಟಿಲು ಕಟ್ಟಿತ್ತು. ತೊಟ್ಟಿಲ ಹತ್ತಿರ ರೇಷ್ಮೆ ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಚನ್ನಬಸುವಿನ ದೊಡ್ಡಪ್ಪನ ಮಗಳು, ಹಾವೇರಿಯಿಂದ ಕರೆಸಿದ್ದರು. ನಮ್ಮ ಕಡೆ ಕೂಸಿನ ಹೆಸರು ಕೂಗುವವಳು ಸೋದರತ್ತೆ, ತಂದೆಯ ಅಕ್ಕ ಅಥವಾ ತಂಗಿ. ಅವಳು ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುವುದು ಪದ್ಧತಿ, ತಮಾಷೆ.

ಅಂಬಕ್ಕ ಎಲ್ಲಿ ಎಂದು ಕೇಳಿದೆ. ಹಿತ್ತಲಲ್ಲಿದ್ದಾಳೆ, ಕೆಲಸದಲ್ಲಿದ್ದಾಳೆ ಎಂದು ಚನ್ನಬಸು ಎತ್ತಲೋ ನೋಡುತ್ತ ಹೇಳಿದ. ಕೈ ತೊಳೆಯಲೆಂದು ಹಿತ್ತಲಿಗೆ ಹೋದ ಈಶ್ವರ ಬಹಳ ಹೊತ್ತಾದರೂ ಬರಲಿಲ್ಲ. ಪರದೆಯ ಮೇಲೆ ಅವನ ಗೆರೆ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ನಾವು ಎದ್ದು ಹೋದೆವು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಬಕ್ಕ ಕೂತಿದ್ದಳು. ಮಾಡುವ ಕೆಲಸ ಏನೂ ಇರಲಿಲ್ಲ. ತೊಡೆಯ ಮೇಲೆ ಮಡಿಚಿದ ಹಸಿರು ಶಾಲು. ಅವಳ ಪಕ್ಕದಲ್ಲಿ, ನೆಲದ ಮೇಲೆ, ಈಶ್ವರ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಂಬಕ್ಕ ಅವನಿಗೆ ನೀರಿನ ತಂಬಿಗೆ ಹಿಡಿದು, ಏನಾಯಿತೋ ತಮ್ಮಾ ಎಂದು ಕೇಳುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಯಾಕೆ ಒಳಗೆ ಬರಲಿಲ್ಲ ಎಂದೆ.

“ನಾ ಒಳಗಿದ್ರ ಬಂದವ್ರಿಗೆ ಇರಸುಮುರಸು ಆಗ್ತೈತ್ರಿ ಸರ. ಶುಭಕಾರ್ಯ ನೋಡ್ರಿ. ಪಕ್ಷದ ಕೆಲಸಾ ಇದ್ದಾಗ ಛಲೋ ಇತ್ತು. ಈ ಶಾಲು ಹಾಕ್ಕೊಂಡು ಹೋದ್ರ ಯಾರ ಮನ್ಯಾಗ ಏನ ಇದ್ರೂ ಮುಂಬಾಗಲದಿಂದs ಒಳಗ ಕರೀತಾರ. ಪಕ್ಷದವ್ರಿಗೆ ಬ್ಯಾಡ ಅನ್ನಾಕ ಬರೂದಿಲ್ಲಲ್ರಿ.”

ದೂರುವ ದನಿಯಲ್ಲ, ಹವಾಮಾನದ ಮಾತಾಡಿದ ಹಾಗೆ ಹೇಳಿದಳು. ರೆಹಾನಾ ನನ್ನ ಮುಖ ನೋಡಲಿಲ್ಲ, ನೋಡಿದ್ದರೆ ನನಗೆ ಕಷ್ಟವಾಗುತ್ತಿತ್ತು. ಕುಬಸದ ದಿನ ಅವಳು ಬೆಳಗಿನಿಂದ ಸಂಜೆಯತನಕ ನಮ್ಮ ಕುರ್ಚಿಯ ಮೇಲೆ ಕೂತದ್ದು ನೆನಪಾಯಿತು. ನಾನು ತಟ್ಟಿದ ಚಪ್ಪಾಳೆಯೂ ನೆನಪಾಯಿತು. ಮನೆಯಲ್ಲಿ ಇರುವಂತಿಲ್ಲದ ದಿನ ಹೋಗಲು ಅವಳಿಗೊಂದು ಜಾಗ ಬೇಕಿತ್ತು, ಅಷ್ಟೇ. ಆ ಜಾಗವನ್ನೂ ನಾನೇ ಕಿತ್ತುಕೊಂಡಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಗಂಡಸಿನ ಅಳು ಕೇಳಿ ಹೆಂಗಸರು ಹಿತ್ತಲ ಬಾಗಿಲಿಗೆ ಬಂದು ಸೇರಿದರು. ಕೂಸನ್ನು ಎತ್ತಿಕೊಂಡು ಶೋಭಾ ಮುಂದೆ ಬಂದಳು. “ಯಾಕ್ರಿ ಅಣ್ಣಾರ, ಏನಾತು? ಒಳಗ ಬರ್ರಿ” ಎಂದಳು.

ಈಶ್ವರ ತಲೆಯೆತ್ತಿದ. “ನಾ ಬರಂಗಿಲ್ರಿ. ಇವ್ರನ್ನ ಕರೀರಿ” ಎಂದ. “ಒಳಗ ಬಾ ಅಂತ ಒಬ್ರು ಕರದ್ರ ಸಾಕಂತ ಇವ್ರಿಗೆ ಎಷ್ಟ ಅನಸ್ತೈತಿ ಅಂತ ನಿಮಗ ಗೊತ್ತಿಲ್ರಿ. ನನಗ ಗೊತ್ತೈತಿ. ಇಲ್ಲೆ ಐತಿ ಅದು, ಎದಿ ಒಡದಂಗ ಆಗಾಕ್ಹತ್ತೈತಿ.” ಅವನು ತನ್ನ ಹಣೆಯ ಪಟ್ಟಿಯನ್ನು ಒತ್ತಿ ಹಿಡಿದಿದ್ದ.

“ಸುಮ್ಮನಿರೋ ತಮ್ಮಾ, ಕಾರ್ಯದ ಮನಿ” ಎಂದು ಅಂಬಕ್ಕ ಗಾಬರಿಯಿಂದ ಅವನ ಹೆಗಲು ಹಿಡಿದಳು.

ಓಣಿಯ ಹಿರಿಯ ಮುತ್ತೈದೆಯೊಬ್ಬರು, ಹಿಂದಿನಿಂದ ನಡೆದುಕೊಂಡು ಬಂದದ್ದನ್ನು ನಮ್ಮಿಂದ ಬಿಡಲಾಗುತ್ತದೆಯೇ, ಹೊತ್ತು ಮೀರುತ್ತದೆ ನಡೆಯಿರಿ ಎಂದು ಮೆಲ್ಲಗೆ ಹೇಳಿದರು. ಶೋಭಾ ಕೆಟ್ಟವಳಲ್ಲ. ಅವಳು ಅದನ್ನು ಯೋಚಿಸಿರಲೇ ಇಲ್ಲ, ಅಂಬಕ್ಕನೇ ಯಾವತ್ತೂ ತಾನಾಗಿ ಹಿಂದೆ ಸರಿಯುತ್ತಿದ್ದುದರಿಂದ ಯೋಚಿಸುವ ಪ್ರಸಂಗವೂ ಬಂದಿರಲಿಲ್ಲ. ಅವಳು ಅಂಬಕ್ಕನ ಕೈಗಳನ್ನು ನೋಡುತ್ತ ನಿಂತಳು. ಬೆಳಿಗ್ಗೆ ಕೂಸಿಗೆ ಹಚ್ಚಿದ ಎಣ್ಣೆಯ ಪಸೆ ಆ ಕೈಗಳಲ್ಲಿ ಇನ್ನೂ ಇತ್ತು.

“ದಿನಾ ಕೂಸಿಗೆ ಎರಿಯೂ ಕೈ ಇವು” ಎಂದಳು, ಯಾರಿಗೆ ಎಂದು ಗೊತ್ತಾಗದ ಹಾಗೆ. “ಎರಿಯಾಕ ಬರ್ತೈತಿ, ಹೆಸರು ಇಡಾಕ ಬರೂದಿಲ್ಲೇನು?” ಆಮೇಲೆ ದನಿ ಎತ್ತಿದಳು. “ಅಕ್ಕಾರ, ಹಿತ್ತಲ ಬಾಗಲದಿಂದ ಬ್ಯಾಡ. ಸುತ್ತು ಹಾಕಿ ಮುಂಬಾಗಲಕ್ಕ ಬರ್ರಿ.”

ಹಿರಿಯರು ಏನೋ ಗೊಣಗಿದರು. ಚನ್ನಬಸು ಮಾತ್ರ ಓಡಿಹೋಗಿ, ಆಗಲೇ ತೆರೆದಿದ್ದ ಮುಂಬಾಗಿಲ ಇನ್ನೊಂದು ಕದವನ್ನೂ ದೂಡಿ ತೆರೆದ. ಅಂಬಕ್ಕ ಸಂದಿಯಿಂದ ಸುತ್ತು ಹಾಕಿ ಬಂದಳು. ನೂರಾರು ಮನೆಗಳ ಮುಂದೆ ನಿಂತ ಹಾಗೆಯೇ ತನ್ನ ತವರಿನ ಹೊಸ್ತಿಲ ಹೊರಗೆ ನಿಂತಳು. ಹೆಗಲ ಮೇಲೆ ಶಾಲು ಇರಲಿಲ್ಲ. ಬರ್ರಿ ಅಕ್ಕಾರ ಎಂದು ಶೋಭಾ ಕರೆದಳು. ಅಂಬಕ್ಕ ಬಲಗಾಲಿಟ್ಟು ಒಳಗೆ ಬಂದಳು.

ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ತುಂಗಾ ಎಂದಳು. ಮತ್ತೊಮ್ಮೆ ಎಲ್ಲರಿಗೂ ಕೇಳುವಂತೆ ತುಂಗಾ ಎಂದಳು. ಬೆನ್ನಿಗೆ ಗುದ್ದುವವರು ಯಾರು ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗೊಣಗಿದ್ದ ಹಿರಿಯ ಮುತ್ತೈದೆಯೇ ಮುಂದೆ ಬಂದು, ಬಳೆಗಳು ಝಣ್ ಎನ್ನುವಂತೆ ಒಂದು ಗುದ್ದು ಹಾಕಿದರು. ಆಮೇಲೆ ಉಳಿದವರೂ ಮುಗಿಬಿದ್ದರು. ಅಂಬಕ್ಕ ನೋವಿಗೆ ಅಯ್ಯಯ್ಯೋ ಎನ್ನುತ್ತ ನಕ್ಕಳು, ನಗುತ್ತಲೇ ಅತ್ತಳು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಈಶ್ವರನ ಗೆರೆಯನ್ನು ರೆಹಾನಾ ನನಗೆ ತೋರಿಸಿದಳು. ಅದು ನೆಮ್ಮದಿಯಾಗಿ ಮಲಗಿತ್ತು. ಉಂಡವನ ಹಾಗೆ.

ಪಟ್ಟಿಗಳನ್ನೆಲ್ಲ ಆ ದಿನವೇ ವಾಪಸು ಪಡೆದೆವು. ಅವು ಈಗ ಚಹಾ ಬೇಡವೆನ್ನುವ ರೋಗಿಗಳ ತಲೆಯ ಮೇಲಿವೆ, ಇರಬೇಕಾದದ್ದೂ ಅಲ್ಲೇ. ಪಟ್ಟಿ ಬಿಚ್ಚಿದ ಕೂಲಿಯವರು ಮತ್ತೆ ಚಹಾದಂಗಡಿ ಸೇರಿದರು. ಸಂಗಳದ ಅವರು ಬೇರೆ ದಾರಿ ಕಾಣದೆ ಅಂಬಕ್ಕನಿಗೆ ಫೋನು ಮಾಡಿ, ಮತದಾನ ಹತ್ತಿರ ಬಂತು, ನಾಳೆ ಬೆಳಿಗ್ಗೆಯಿಂದಲೇ ಬನ್ನಿ ಎಂದರು. ಅವಳು ಏನೆಂದಳೆಂದು ಆಮೇಲೆ ನನಗೆ ನಂಬಲಾಗದವರ ದನಿಯಲ್ಲಿ ಹೇಳಿದರು. ನಾಳೆ ಬರಲಾಗುವುದಿಲ್ಲ, ಕೂಸಿಗೆ ಎರೆಯುವುದಿದೆ, ಪಕ್ಕದ ಮನೆಯಲ್ಲಿ ಕುಬಸಕ್ಕೆ ಕರೆದಿದ್ದಾರೆ, ನಾಡಿದ್ದು ನೋಡೋಣ ಎಂದಳಂತೆ. ಅವಳ ಬಾಯಿಂದ ಆಗುವುದಿಲ್ಲ ಎಂಬ ಮಾತನ್ನು ಅವರು ಕೇಳಿದ್ದು ಅದೇ ಮೊದಲು. ನಿಮ್ಮ ಯಂತ್ರ ನನ್ನ ಕಾರ್ಯಕರ್ತೆಯನ್ನು ಕೆಡಿಸಿತು ಎಂದರು. ಇನ್ನು ಅವಳು ಬಂದರೆ ಮನಸ್ಸಿನಿಂದ ಬರುತ್ತಾಳೆ, ಬರದಿದ್ದರೆ ಒತ್ತಾಯ ಮಾಡಬೇಡಿ ಎಂದು ನಾನು ಹೇಳಿದೆ. ಬರಲಾರಳೆಂದೇ ನಾನು ಎಣಿಸಿದ್ದೆ. ಹಂಬಲ ತೀರಿದ ಮೇಲೆ ಕಾಲು ಯಾಕೆ ಏಳಬೇಕು? ನನ್ನ ವಿಜ್ಞಾನ ಹೇಳುವುದೂ ಅದನ್ನೇ.

ಅವಳು ಹೇಳಿದ್ದ ಆ ದಿನ ನಾನು ಕುತೂಹಲಕ್ಕೆ ಪಕ್ಷದ ಕಚೇರಿಗೆ ಹೋಗಿ ಕೂತೆ. ಊಟದ ಹೊತ್ತಾದ ಮೇಲೆ ಅಂಬಕ್ಕ ಬಂದಳು. ಹೆಗಲು ಬರಿದಾಗಿತ್ತು. ಮೇಜಿನ ಮೇಲಿದ್ದ ಮತದಾರರ ಚೀಟಿಗಳನ್ನು ಎತ್ತಿಕೊಂಡಳು. ಶಾಲು ಎಲ್ಲಿ ಎಂದು ಸಂಗಳದ ಅವರು ಕೇಳಿದರು.

“ಕೂಸಿನ ತೊಟ್ಟಿಲದಾಗ ಹಾಸೇನ್ರಿ. ಹಳೇದಾಗಿ ಮೆತ್ತಗ ಆಗೈತಿ.”

ಹೊಸದೊಂದು ಶಾಲು ತರಿಸಲು ಅವರು ಯಾರನ್ನೋ ಕೂಗಿದರು. ಶಾಲಿಲ್ಲದೆ ಹೋದರೆ ಜನ ಒಳಗೆ ಕರೆಯುತ್ತಾರೆಯೇ ಎಂದು ನಾನು, ಕೇಳಬಾರದೆಂದುಕೊಂಡೂ, ಕೇಳಿಬಿಟ್ಟೆ.

ಅಂಬಕ್ಕ ಆಗಲೇ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುತ್ತಿದ್ದಳು. “ಬಾಗಲಾ ಬಡದ್ರ ತಗೀತಾರ್ರಿ ಸರ” ಎಂದಳು. “ತಗೀಲಿಲ್ಲಂದ್ರ ಮತ್ತೊಮ್ಮಿ ಬಡೀತೀನಿ.”